ಟರ್ಬೈನ್ ಮಾದರಿ: ಹೈ ಪ್ರೆಶರ್ ಭಾಗ ತಿರುಗಿತು

ಅಣು ವಿದ್ಯುತ್ ಸ್ಥಾವರದ ಟರ್ಬೈನ್ ಮಾದರಿ ಮಾಡ್ತಿದ್ದೀನಲ್ಲ, ಅದರ ಹೈ ಪ್ರೆಶರ್ ಭಾಗ (ಹಬೆ ಮೊದಲು ಬಂದು ಸೇರುವ ಭಾಗ) ಈ ವಾರ ತಿರುಗಿತು. ಹಬೆ ಇಲ್ಲ, ಬ್ಲೋವರ್ ಗಾಳಿ ಅಷ್ಟೇ. ಒಳಗಿನದು ಕಾಣಲಿ ಅಂತ ಮೇಲಿನ ಅರ್ಧ ಕವಚ ಅಕ್ರಿಲಿಕ್‌ನದು.

ಶಾಫ್ಟ್ ಕಲಬುರಗಿಯ ಕಪನೂರಿನ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ದಾಲ್ ಮಿಲ್ಲಿನ ರೋಲರ್ ರಿಪೇರಿ ಮಾಡುವ ಉಸ್ತಾದ್ ಡ್ರಾಯಿಂಗ್ ನೋಡಿ, "ಹಬಿ ನಡುವ ಬಿಟ್ಟು ಎರಡೂ ಕಡಿ ಯಾಕ ಕಳಸ್ತೀರಿ?" ಅಂದರು. ಒಳ್ಳೆ ಪ್ರಶ್ನೆ. ದೊಡ್ಡ ಅಣು ಸ್ಥಾವರಗಳಲ್ಲಿ ಹೈ ಪ್ರೆಶರ್ ಟರ್ಬೈನ್ ಹೆಚ್ಚಾಗಿ ಹೀಗೇ ಇರುತ್ತದೆ. ಒಂದೇ ಕಡೆ ಹರಿದರೆ ಹಬೆ ಶಾಫ್ಟನ್ನು ಆ ಕಡೆಗೇ ದಬ್ಬುತ್ತದೆ, ಎರಡೂ ಕಡೆ ಹರಿದರೆ ಒಂದರ ದಬ್ಬು ಇನ್ನೊಂದಕ್ಕೆ ಸರಿಹೋಗುತ್ತದೆ. ಮನೆಗೆ ಬಂದು, ಗಾಳಿ ಹೊರಹೋಗುವ ಎರಡು ಬಾಯಿಗಳಲ್ಲಿ ಒಂದಕ್ಕೆ ರಟ್ಟು ಮುಚ್ಚಿ ಬ್ಲೋವರ್ ಹಾಕಿದೆ. ಶಾಫ್ಟ್ ಸರಕ್ಕನೆ ಸರಿದು ಅದರ ಕಾಲರ್ (ಶಾಫ್ಟಿನ ಮೇಲಿನ ಉಂಗುರ) ಬೇರಿಂಗಿಗೆ ಉಜ್ಜತೊಡಗಿತು. ರಟ್ಟು ತೆಗೆದೆ, ಉಜ್ಜುವ ಸದ್ದು ನಿಂತಿತು.

ಬ್ಲೇಡು ಜಿ.ಐ. ಶೀಟಿನವು. ಮೊದಲ ಸಾಲು 12 ಮಿ.ಮೀ., ಕೊನೆಯದು 30. ಕೈಗಾದಲ್ಲಿ ಟರ್ಬೈನಿಗೆ ಬರುವ ಹಬೆ ಸುಮಾರು 40 ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 40 ಪಟ್ಟು), 250 ಡಿಗ್ರಿ. ಅದು 6 ಬಾರ್‌ಗೆ ಇಳಿಯುವಷ್ಟರಲ್ಲಿ ಸುಮಾರು ಆರು ಪಟ್ಟು ಹಿಗ್ಗಿರುತ್ತದೆ, ಹಾಗಾಗಿ ದಾರಿಯೂ ಅಗಲವಾಗುತ್ತಾ ಹೋಗಬೇಕು. ನಡುವಿನ ತಿರುಗದ ಬ್ಲೇಡುಗಳು ಹಬೆಯ ಒತ್ತಡ ಇಳಿಸಿ ವೇಗ ಏರಿಸುತ್ತವೆ, ಆ ವೇಗಕ್ಕೆ ಮುಂದಿನ ಸಾಲು ತಿರುಗುತ್ತದೆ.

ಇಡೀ ಕೆಲಸದಲ್ಲಿ ಜಾಸ್ತಿ ತಲೆ ತಿಂದದ್ದು ಅಸಲಿ ಟರ್ಬೈನಿನೊಳಗೆ ಹಬೆ ನೀರಾಗುವ ವಿಷಯ. ನಮ್ಮ ಪಕ್ಕದ ಶಕ್ತಿನಗರದ ಕಲ್ಲಿದ್ದಲ ಸ್ಥಾವರದಲ್ಲಿ ಹಬೆಯನ್ನು ಸುಮಾರು 540 ಡಿಗ್ರಿವರೆಗೆ ಕಾಯಿಸುತ್ತಾರೆ, ಅದು ಒಣ ಹಬೆ. ಕೈಗಾದಲ್ಲಿ ರಿಯಾಕ್ಟರಿನಿಂದ ಹೊರಬರುವ ಭಾರಜಲವೇ (ರಿಯಾಕ್ಟರಿನ ಬಿಸಿ ಹೊತ್ತು ತರುವ ವಿಶೇಷ ನೀರು) 300 ಡಿಗ್ರಿಯ ಒಳಗೆ. ಅದು ಟರ್ಬೈನಿಗೆ ಬರಲ್ಲ, ಸ್ಟೀಮ್ ಜನರೇಟರಿನ ಕೊಳವೆಗಳಲ್ಲೇ ಉಳಿದು ಬೇರೆ ನೀರನ್ನು ಕುದಿಸುತ್ತದೆ. (ತಾರಾಪುರದ ಮೊದಲ ಎರಡು ಘಟಕಗಳದು ಬೇರೆ ಕಥೆ, ಅಲ್ಲಿ ರಿಯಾಕ್ಟರಿನ ಹಬೆಯೇ ನೇರ ಟರ್ಬೈನಿಗೆ.) ಕೈಗಾದಲ್ಲಿ ಹೀಗೆ ಹುಟ್ಟಿದ ಹಬೆ ಕುದಿಯುವ ಬಿಸಿಯಲ್ಲೇ ಇರುವುದರಿಂದ ಸ್ವಲ್ಪ ಹಿಗ್ಗಿದರೂ ಹನಿಗಟ್ಟುತ್ತದೆ. ಹೈ ಪ್ರೆಶರ್ ಭಾಗ ದಾಟುವಾಗ ತೂಕದಲ್ಲಿ ಹತ್ತನೇ ಒಂದು ಪಾಲಿನಷ್ಟು ನೀರೇ ಆಗಿರುತ್ತದೆ. ಹನಿಗಳು ಹಬೆಯಷ್ಟು ಬೇಗ ಓಡಲ್ಲ. ನಿಮಿಷಕ್ಕೆ 3000 ಸುತ್ತು ಹಾಕುವ ಬ್ಲೇಡೇ ಅವಕ್ಕೆ ಹೋಗಿ ಬಡಿಯುತ್ತದೆ, ಅಂಚು ಸವೆಯುತ್ತದೆ. ಅದಕ್ಕೇ ಕವಚದಲ್ಲಿ ನೀರು ಬಸಿಯುವ ತೋಡು. ನಾನೂ ಕೆಳಗಿನ ಅರ್ಧದಲ್ಲಿ ಕೊರೆದಿದ್ದೇನೆ, ಗಾಳಿಗೆ ಅದರ ಅಗತ್ಯ ಇಲ್ಲದಿದ್ದರೂ.

ಮುಂದಿನ ಕೆಲಸ ನೀರು ಬೇರ್ಪಡಿಸುವ ಡಬ್ಬಿ. ಅಂಕುಡೊಂಕು ತಗಡುಗಳ ನಡುವೆ ಹಬೆ ತಿರುವು ತೆಗೆದುಕೊಳ್ಳುತ್ತದೆ, ಹನಿ ತಗಡಿಗೆ ಅಂಟಿ ಕೆಳಗೆ ಇಳಿಯುತ್ತದೆ. ಉಳಿದದ್ದನ್ನು ಸ್ಟೀಮ್ ಜನರೇಟರಿನ ಹೊಸ ಹಬೆಯಿಂದ ಮತ್ತೆ ಕಾಯಿಸಿ ಲೋ ಪ್ರೆಶರ್ ಭಾಗಕ್ಕೆ ಕಳಿಸುತ್ತಾರೆ. ಆ ಭಾಗದ ಬ್ಲೇಡು ಎಷ್ಟು ಉದ್ದ ಅಂದರೆ, ಇದೇ ಅಳತೆಯಲ್ಲಿ ಮಾಡಿದರೆ ಈ ಟೇಬಲ್ಲು ಸಾಲಲ್ಲ.