ಮೆಡ್‌ಫರ್ಡಿನ ಮನೆ, ಅಮ್ಮನ ಪಿಂಚಣಿ

ಅಕ್ಟೋಬರ್ 19, 2024, ಶನಿವಾರ

ಅಮ್ಮ ಮಲಗಿದ್ದಾಳೆ. ಮೈಸೂರಿಗೆ ಹೊರಡಲು ಇನ್ನು ಹತ್ತೇ ದಿನ. ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್, ಬದುಕಿದ್ದೀನಿ ಅನ್ನುವ ಕಾಗದ, ಕೊಡಬೇಕು, ಇಲ್ಲದಿದ್ದರೆ ಅಪ್ಪನ ಪಿಂಚಣಿ ನಿಲ್ಲುತ್ತೆ. ಎರಡು ವರ್ಷದ ಹಿಂದೆ ಹಾಗೇ ಆಗಿತ್ತು. ಕಾಗದ ಕೊಟ್ಟಿದ್ದರೂ ಯಾರೋ ಕಂಪ್ಯೂಟರಿಗೆ ಹಾಕಿರಲಿಲ್ಲ. ಮೂರು ತಿಂಗಳು ದುಡ್ಡಿಲ್ಲ. ಅಮ್ಮ ದಿನಾ ಹೋಗಿ ಕೌಂಟರಿನ ಮುಂದೆ ನಿಂತು ಬರುತ್ತಿದ್ದಳು. ನನಗೆ ಒಂದು ಮಾತೂ ಹೇಳಲಿಲ್ಲ.

ಇವತ್ತು ಅವಳನ್ನು ಬಾಸ್ಟನ್ ಹತ್ತಿರದ ಮೆಡ್‌ಫರ್ಡಿನ ರಾಯಲ್ ಹೌಸಿಗೆ ಕರೆದುಕೊಂಡು ಹೋಗಿದ್ದೆ. ಸುಮ್ನೆ, ಹತ್ತಿರದಲ್ಲಿದೆ ಅಂತ. ಮೂರು ಅಂತಸ್ತಿನ ಮನೆ. ಮರದ ಕೆತ್ತನೆ ಕಣ್ಣು ತುಂಬುವ ಹಾಗಿದೆ. ಐಸಾಕ್ ರಾಯಲ್ ಕೆರಿಬಿಯನ್ ದ್ವೀಪ ಆಂಟಿಗುವಾದಲ್ಲಿ ಕಬ್ಬಿನ ತೋಟ ಇಟ್ಟುಕೊಂಡು ದುಡ್ಡು ಮಾಡಿದವನು. 1732ರಲ್ಲಿ ಇಲ್ಲಿ 500 ಎಕರೆ ಜಮೀನು ಕೊಂಡ. ಹಳೆಯ ಮನೆಯನ್ನೇ ದೊಡ್ಡದು ಮಾಡಿಸಿ, 1737ರಲ್ಲಿ ಸಂಸಾರ ಸಮೇತ ಬಂದ. ಜೊತೆಗೆ 27 ಗುಲಾಮರನ್ನೂ ತಂದ.

ಅಮ್ಮ ನಡುಮನೆಯನ್ನು ಅಷ್ಟಾಗಿ ನೋಡಲಿಲ್ಲ. ಅಡುಗೆಮನೆಯಲ್ಲಿ ನಿಂತುಬಿಟ್ಟಳು. ಆಳು ಒಳಗೆ ನಿಲ್ಲಬಹುದಾದಷ್ಟು ದೊಡ್ಡ ಒಲೆ. "ಚಳಿಗಾಲದಲ್ಲಿ ಬೆಳಗಿನ ಜಾವ ಇದಕ್ಕೆ ಬೆಂಕಿ ಹಾಕ್ತಿದ್ದೋರು ಯಾರೇ? ಅವರು ಎಲ್ಲಿ ಮಲಗ್ತಿದ್ರು, ಕೇಳು."

ಕೇಳಿದೆ. ತೋರಿಸುತ್ತಿದ್ದ ಹೆಂಗಸು ಕಿಟಕಿಯಿಂದಾಚೆ ಕೈ ಮಾಡಿದರು. ಅಂಗಳದಾಚೆ ಇನ್ನೊಂದು ಕಟ್ಟಡ. ಗುಲಾಮರು ಅಲ್ಲಿ ಇರುತ್ತಿದ್ದರು, ಕೆಲವರು ಈ ಅಡುಗೆಮನೆಯ ಮೇಲಿನ ಕೋಣೆಯಲ್ಲಿ ಮಲಗುತ್ತಿದ್ದರಂತೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಇಂಥ ಬೇರೆ ಕಟ್ಟಡ ಉಳಿದಿರುವುದು ಇದೊಂದೇ ಅಂದರು. 1908ರಲ್ಲಿ ಮನೆಯನ್ನು ಮ್ಯೂಸಿಯಂ ಮಾಡಿದಾಗ ಹೇಳುತ್ತಿದ್ದದ್ದೆಲ್ಲ ರಾಯಲ್ ಮನೆತನದ ಕಥೆ, ಸ್ವಾತಂತ್ರ್ಯ ಯುದ್ಧದಲ್ಲಿ ಇಲ್ಲಿ ಬಿಡಾರ ಮಾಡಿದ್ದ ಜನರಲ್ ಸ್ಟಾರ್ಕ್ ಕಥೆ. ಗುಲಾಮರ ವಸತಿ ಅನ್ನುವುದು ಮ್ಯೂಸಿಯಂ ಹೆಸರಿಗೆ ಸೇರಿದ್ದು ಎಷ್ಟೋ ವರ್ಷ ಆದಮೇಲೆ.

ಆಮೇಲೆ ಬೆಲಿಂಡಾಳ ಮಾತು ಬಂತು. ನಾನು ಒಂದೊಂದೇ ವಾಕ್ಯ ಕನ್ನಡದಲ್ಲಿ ಹೇಳುತ್ತಾ ಹೋದೆ. ಯುದ್ಧ ಶುರುವಾಗುವ ಹೊತ್ತಿಗೆ, 1775ರಲ್ಲಿ, ರಾಯಲ್‌ನ ಮಗ ಎಲ್ಲ ಬಿಟ್ಟು ಹೊರಟುಹೋದ. ಅವನ ಹೆಸರೂ ಐಸಾಕ್. ರಾಯಲ್‌ಗಳಿಗೆ ಗುಲಾಮಳಾಗಿ 50 ವರ್ಷ ದುಡಿದ ಬೆಲಿಂಡಾ 1783ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಅರ್ಜಿ ಹಾಕಿದಳು. ವಯಸ್ಸು ಸುಮಾರು ಎಪ್ಪತ್ತು. ಬೇರೆಯವರ ಕೈಯಲ್ಲಿ ಬರೆಸಿ, ತಾನು ಗುರುತು ಹಾಕಿದಳು. ಇವರ ಇಷ್ಟೊಂದು ಆಸ್ತಿಯಲ್ಲಿ ಒಂದು ಪಾಲು ನನ್ನ ದುಡಿಮೆ, ಅದರಲ್ಲಿ ಒಂದು ತುತ್ತೂ ನನಗಿಲ್ಲ ಅಂತ ಅರ್ಜಿಯಲ್ಲಿದೆ. ತನಗೂ, ಮೈ ಸರಿಯಿಲ್ಲದ ಮಗಳು ಪ್ರೈನ್‌ಗೂ ಜೀವನಕ್ಕೆ ಕೊಡಿ ಅಂತ ಕೇಳಿದಳು. ವರ್ಷಕ್ಕೆ 15 ಪೌಂಡ್ 12 ಶಿಲ್ಲಿಂಗ್ ಕೊಡಬೇಕು ಅಂತ ಆಯಿತು.

"ಕೊಟ್ರಾ?"

ಮೊದಲು ಬಂತು, ಆಮೇಲೆ ನಿಂತಿತು ಅಂದೆ. ಮತ್ತೆ ಅರ್ಜಿ ಹಾಕಿದಳು. ಮತ್ತೆ ನಿಂತಿತು, ಮತ್ತೆ ಹಾಕಿದಳು. ಹತ್ತು ವರ್ಷ ಆದಮೇಲೆ, 1793ರಲ್ಲೂ ಕೇಳುತ್ತಲೇ ಇದ್ದಳು.

ಅಮ್ಮ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡಳು. "ನನಗೆ ಗೊತ್ತು ಕಣೇ ಅದು. ಹೋಗಿ ನಿಂತ್ಕೊಳ್ಳೋದು," ಅಂದಳು. ಅಷ್ಟೇ. ಆಗಲೇ ಆ ಮೂರು ತಿಂಗಳ ಕಥೆ ಹೊರಗೆ ಬಂದದ್ದು. ಅಂಗಳದ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದಳು. ನನಗೆ ಅಳು ಬಂತು. ಯಾಕಮ್ಮ ಹೇಳಲಿಲ್ಲ ಅಂದರೆ, ನೀನು ಅಷ್ಟು ದೂರದಲ್ಲಿ ಕೂತು ಏನು ಮಾಡ್ತಿದ್ದೆ ಅಂದಳು.

ಬರುವಾಗ ಕಾರಿನಲ್ಲಿ, ಮನೆ ತೋರಿಸಿದ ಹೆಂಗಸು ಹಾರ್ವರ್ಡ್ ಬಗ್ಗೆ ಹೇಳಿದ್ದನ್ನು ಅಮ್ಮ ಮತ್ತೆ ಕೇಳಿದಳು. ಮಗ ರಾಯಲ್ ಉಯಿಲಿನಲ್ಲಿ ಬರೆದ ಜಮೀನಿನ ದುಡ್ಡಿನಿಂದಲೇ ಅಲ್ಲಿ ಕಾನೂನಿನ ಮೊದಲ ಪ್ರಾಧ್ಯಾಪಕರ ಹುದ್ದೆ ಶುರುವಾಯಿತು, 1815ರಲ್ಲಿ. ಅವರ ಮನೆತನದ ಮೂರು ಗೋಧಿ ಕಂತೆಯ ಲಾಂಛನ ಕಾನೂನು ಶಾಲೆಯ ಗುರುತಾಗಿತ್ತು. ಅದನ್ನು ತೆಗೆದದ್ದು 2016ರಲ್ಲಿ. ಅಮ್ಮ ಏನೂ ಅನ್ನಲಿಲ್ಲ.

ರಾತ್ರಿ ಊಟಕ್ಕೆ ಬರೀ ಸಾರು ಅನ್ನ. ಅನಿತಾ ಫೋನ್ ಮಾಡಿದ್ದಳು, ಎತ್ತಲಿಲ್ಲ.

ಆ ಅರ್ಜಿಯನ್ನು ಪೂರ್ತಿ ಕನ್ನಡದಲ್ಲಿ ಬರೆದುಕೊಡು, ಊರಿಗೆ ತಗೊಂಡು ಹೋಗ್ತೀನಿ ಅಂದಿದ್ದಾಳೆ ಅಮ್ಮ. ಈಗ ಕೂತಿದ್ದೀನಿ. ಬೆಲಿಂಡಾಗೆ ಇನ್ನೂ ಹನ್ನೆರಡು ತುಂಬಿರಲಿಲ್ಲ. ಆಫ್ರಿಕಾದ ವೋಲ್ಟಾ ನದಿಯ ಸೀಮೆ. ಒಂದು ದೇವರ ಬನ. ಬನ ಅನ್ನುವ ಮಾತು ಸಿಕ್ಕಿದ್ದಕ್ಕೆ ಸಮಾಧಾನ, ಅಮ್ಮನಿಗೆ ಬೇರೆ ವಿವರಿಸಬೇಕಿಲ್ಲ. ಒಂದು ಕೈ ಅಪ್ಪನ ಕೈಯಲ್ಲಿ, ಒಂದು ಕೈ ಅಮ್ಮನ ಕೈಯಲ್ಲಿ. ಗುಲಾಮರನ್ನು ಹಿಡಿಯುವವರು ಅವಳನ್ನು ಅಲ್ಲಿಂದ ಎಳೆದುಕೊಂಡು ಹೋದರು. ಅವಳ ಅಪ್ಪ ಅಮ್ಮನನ್ನು ಬಿಟ್ಟುಹೋದರು, ವಯಸ್ಸಾಗಿತ್ತು, ದುಡಿಮೆಗೆ ಬರಲ್ಲ ಅಂತ. ಮುಂದಿನ ಸಾಲು ಮೂರು ಸಲ ಬರೆದು ಹೊಡೆದುಹಾಕಿದೆ. ಅಮ್ಮ ಇದನ್ನು ಅಲ್ಲಿ ಒಬ್ಬಳೇ ಕೂತು ಓದುವಾಗ