ಮನೆಯ ರೆಕಾರ್ಡಿಂಗ್‌ನಲ್ಲಿ ದೋಷ ಎಲ್ಲಿ ಸೇರಿಕೊಂಡಿತೆಂದು ಹುಡುಕುವ ಬಗೆ

ಅಂಧ ವಿದ್ಯಾರ್ಥಿಗಳಿಗಾಗಿ ಕನ್ನಡ ಪಠ್ಯಪುಸ್ತಕಗಳನ್ನು ಓದಿ, ಮನೆಯಲ್ಲೇ ಧ್ವನಿಮುದ್ರಿಸಿಕೊಡುವ ಕೆಲಸದಲ್ಲಿ ನಾನು ಹಲವು ವರ್ಷಗಳಿಂದ ತೊಡಗಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ತಮ್ಮ ಮೊದಲ ರೆಕಾರ್ಡಿಂಗ್ ಕಳಿಸಿ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಹಿಂದೆ ಕೇಳಿಸುತ್ತಿರುವ ಈ ಸದ್ದನ್ನು ಎಡಿಟಿಂಗ್‌ನಲ್ಲಿ ತೆಗೆಯುವುದು ಹೇಗೆ? ಆ ಸದ್ದು ಗಾಳಿಯ ಮೂಲಕ ಮೈಕಿಗೆ ಬಂದದ್ದೋ, ವೈರಿನ ಮೂಲಕ ಬಂದದ್ದೋ, ಕಂಪ್ಯೂಟರಿನ ಸೆಟ್ಟಿಂಗ್‌ನಿಂದ ಹುಟ್ಟಿದ್ದೋ ಎಂಬುದು ಗೊತ್ತಾಗುವ ತನಕ ಯಾವ ಎಫೆಕ್ಟನ್ನೂ ಮುಟ್ಟಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಡಾಸಿಟಿಯಂಥ, ಧ್ವನಿ ತಿದ್ದುವ ಉಚಿತ ತಂತ್ರಾಂಶದಲ್ಲಿರುವ ನಾಯ್ಸ್ ರಿಡಕ್ಷನ್ ಎಂಬ ಎಫೆಕ್ಟು, ನಾವು ಸುಮ್ಮನಿದ್ದ ಒಂದೆರಡು ಕ್ಷಣಗಳ ಸದ್ದನ್ನು ಮಾದರಿಯಾಗಿ ಇಟ್ಟುಕೊಂಡು, ಪ್ರತಿಯೊಂದು ಆವರ್ತನದ ಪಟ್ಟಿಯಲ್ಲೂ ಆ ಮಟ್ಟದ ಆಸುಪಾಸಿನಲ್ಲಿರುವುದನ್ನೆಲ್ಲ ತಗ್ಗಿಸುತ್ತದೆ. ಆದರೆ ನಮ್ಮ ಸ, ಶ, ಹ ಅಕ್ಷರಗಳು ಮತ್ತು ಮಹಾಪ್ರಾಣಗಳ ಜೊತೆಗೆ ಹೊರಡುವ ಉಸಿರು, ಇವೆಲ್ಲವೂ ಸ್ವಭಾವದಲ್ಲಿ ಗಾಳಿಯ ಸದ್ದುಗಳೇ. ಸ್ವಲ್ಪ ಹೆಚ್ಚು ಒತ್ತಡ ಹಾಕಿದರೆ ತಂತ್ರಾಂಶ ಅವನ್ನೂ ಕಸವೆಂದೇ ಎಣಿಸಿ ಒರೆಸಿಹಾಕುತ್ತದೆ. ಆಗ ‘ಹರಿವು’ ಎಂದು ಓದಿದ್ದು ‘ಅರಿವು’ ಎಂದು ಕೇಳಿಸುತ್ತದೆ, ‘ಭಾಗ’ದ ಮೊದಲಕ್ಷರ ಬಡವಾಗುತ್ತದೆ. ಅಚ್ಚಿನ ಪುಟ ಕಣ್ಣಮುಂದೆ ಇರುವವರು ಇದನ್ನು ತಾವೇ ಸರಿಪಡಿಸಿಕೊಳ್ಳಬಲ್ಲರು. ಆದರೆ ವಿಜ್ಞಾನದ ಪಾಠದಲ್ಲಿ ಒಂದು ಶಬ್ದವನ್ನು ಮೊಟ್ಟಮೊದಲ ಬಾರಿಗೆ ಕೇಳುತ್ತಿರುವ ಅಂಧ ವಿದ್ಯಾರ್ಥಿನಿಗೆ ಕಿವಿಗೆ ಬಿದ್ದದ್ದೇ ಆ ಶಬ್ದದ ರೂಪ. ಹಿನ್ನೆಲೆಯ ತೆಳುವಾದ ‘ಸುಯ್’ ಸದ್ದನ್ನು ಆ ಹುಡುಗಿ ಸಹಿಸಿಕೊಂಡಾಳು, ಅಳಿಸಿಹೋದ ಹಕಾರವನ್ನು ಎಲ್ಲಿಂದ ತಂದುಕೊಳ್ಳಬೇಕು?

ಅನಿವಾರ್ಯವಾದರೆ 6 ಡೆಸಿಬೆಲ್‌ನಷ್ಟು ಮಾತ್ರ ತಗ್ಗಿಸಿ. ಅದಕ್ಕೂ ಮುಂಚೆ ಅದೇ ಕಿಟಕಿಯಲ್ಲಿರುವ ‘ರೆಸಿಡ್ಯೂ’ ಆಯ್ಕೆಯನ್ನು ಒತ್ತಿ, ತಂತ್ರಾಂಶ ತೆಗೆದುಹಾಕಲಿರುವ ಭಾಗವನ್ನಷ್ಟೇ ಕೇಳಿ ನೋಡಿ. ಅಲ್ಲಿ ಬರೀ ಸದ್ದಿದ್ದರೆ ಸರಿ. ಅದರೊಳಗೆ ನಿಮ್ಮ ಮಾತಿನ ಚೂರುಗಳು ಪಿಸುಗುಡುತ್ತಿದ್ದರೆ ಒತ್ತಡ ಹೆಚ್ಚಾಗಿದೆ ಎಂದೇ ಅರ್ಥ. ಇಷ್ಟು ಉಪಯುಕ್ತವಾದ ಈ ಗುಂಡಿಯನ್ನು ಬಹುತೇಕರು ಬಳಸುವುದೇ ಇಲ್ಲವೆಂಬುದು ನನಗೆ ಬೇಸರದ ಸಂಗತಿ.

ಈಗ ಮೂಲವನ್ನು ಹುಡುಕುವ ವಿಷಯಕ್ಕೆ ಬರೋಣ. ಒಂದೇ ಶ್ರುತಿಯಲ್ಲಿ ‘ಗುಂಯ್’ ಎನ್ನುತ್ತಿರುವ ಸದ್ದಾದರೆ ಮೊದಲು ಅನುಮಾನಿಸಬೇಕಾದದ್ದು ವಿದ್ಯುತ್ತನ್ನು. ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಅದು ಧ್ವನಿಯೊಳಗೆ ನುಸುಳಿದಾಗ 50ರ ಜೊತೆಗೆ 100, 150 ಹರ್ಟ್ಸ್‌ಗಳಲ್ಲೂ ಕೇಳಿಸುತ್ತದೆ. ಆದ್ದರಿಂದ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಹೈ ಪಾಸ್ ಫಿಲ್ಟರ್ ಹಾಕಿದರೂ ಗುಂಗಿನ ದೊಡ್ಡ ಪಾಲು ಹಾಗೆಯೇ ಉಳಿಯುತ್ತದೆ. ಪರೀಕ್ಷೆ ಬಹಳ ಸುಲಭ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಬ್ಯಾಟರಿಯ ಮೇಲೆ ಒಂದು ನಿಮಿಷ ರೆಕಾರ್ಡ್ ಮಾಡಿ. ಸದ್ದು ಮಾಯವಾದರೆ ದೋಷ ಚಾರ್ಜರಿನದು ಅಥವಾ ಅರ್ಥಿಂಗ್‌ನದು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರ್ ಮೂಲಕ ಸಿಕ್ಕಿಸಿರುವ ಕಡೆ ಇದು ಸಾಮಾನ್ಯ. ಚಾರ್ಜರ್ ತೆಗೆದ ಮೇಲೂ ಸದ್ದು ಉಳಿದಿದ್ದರೆ ಫ್ಯಾನಿನ ರೆಗ್ಯುಲೇಟರ್, ಎಲ್‌ಇಡಿ ದೀಪ, ಇನ್ವರ್ಟರ್ ಇವನ್ನು ಒಂದೊಂದಾಗಿ ಆರಿಸುತ್ತ ಹೋಗಿ. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಕೋಣೆಯ ಮರುದನಿಯದು ಇದಕ್ಕಿಂತ ಕಷ್ಟದ ಸಮಸ್ಯೆ. ವಿಟ್ರಿಫೈಡ್ ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿ ಇರುವ ನಮ್ಮ ಇಂದಿನ ಮನೆಗಳಲ್ಲಿ ಜೋರಾಗಿ ಒಂದು ಚಪ್ಪಾಳೆ ತಟ್ಟಿದರೆ ಅದರ ಹಿಂದೆಯೇ ‘ಟ್ರ್‌ರ್’ ಎಂಬ ಬಾಲ ಕೇಳಿಸುತ್ತದೆ. ಆ ಬಾಲ ನಾವಾಡುವ ಪ್ರತಿ ಅಕ್ಷರಕ್ಕೂ ಅಂಟಿಕೊಳ್ಳುತ್ತದೆ, ಮತ್ತು ಒಮ್ಮೆ ಅಂಟಿದ ಮೇಲೆ ಅದನ್ನು ಮಾತಿನಿಂದ ಬಿಡಿಸಿ ತೆಗೆಯುವುದು ಸಾಧಾರಣ ಉಪಕರಣಗಳಿಂದ ಆಗುವ ಕೆಲಸವಲ್ಲ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವವರಿದ್ದಾರೆ, ಅಷ್ಟು ಹಗುರವಾದ ವಸ್ತುವಿನಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಮಾಡುವ ಕೌದಿ ಅದಕ್ಕಿಂತ ಎಷ್ಟೋ ಪಾಲು ಮೇಲು. ದಪ್ಪನೆಯ ಎರಡು ಕೌದಿಗಳನ್ನು ಓದುವವರ ಬೆನ್ನ ಹಿಂದೆ ಮತ್ತು ಪಕ್ಕದಲ್ಲಿ, ಗೋಡೆಗೆ ತಾಗದಂತೆ ಒಂದು ಗೇಣು ಬಿಟ್ಟು ಹಗ್ಗಕ್ಕೆ ಇಳಿಬಿಟ್ಟರೆ ಧ್ವನಿ ಗಮನಾರ್ಹವಾಗಿ ಒಣಗುತ್ತದೆ, ಅಂದರೆ ಮರುದನಿಯ ಬಾಲ ಕುಗ್ಗುತ್ತದೆ. ಬೆನ್ನ ಹಿಂದೆಯೇ ಏಕೆಂದರೆ, ಮೈಕು ನೋಡುತ್ತಿರುವುದು ಆ ದಿಕ್ಕಿಗೆ.

ಕೌದಿಗಿಂತಲೂ ಹೆಚ್ಚಿನ ಕೆಲಸ ಮಾಡುವುದು ಮೈಕಿನ ದೂರ. ಬಾಯಿಗೂ ಮೈಕಿಗೂ ನಡುವಿನ ಅಂತರವನ್ನು ಅರ್ಧಕ್ಕೆ ಇಳಿಸಿದರೆ ನೇರ ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಮರುದನಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಒಂದು ಗೇಣಿನ ದೂರ ಹೆಚ್ಚಿನವರಿಗೆ ಹೊಂದುತ್ತದೆ. ತೀರ ಹತ್ತಿರ ಬಂದರೆ ಕಾರ್ಡಿಯಾಯ್ಡ್ ಮೈಕುಗಳಲ್ಲಿ (ಮುಂಬದಿಯ ಸದ್ದನ್ನೇ ಹೆಚ್ಚಾಗಿ ಹಿಡಿಯುವಂಥವುಗಳಲ್ಲಿ) ಮಂದ್ರದ ಭಾರ ಏರಿ ಧ್ವನಿ ಗವ್ವೆನ್ನುತ್ತದೆ. ಪ, ಫ, ಭ ಬಂದಾಗಲೆಲ್ಲ ಗಾಳಿ ಬಡಿದು ‘ಧಬ್’ ಎನ್ನುತ್ತದೆ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಕೊಂಚ ಓರೆಯಾಗಿಟ್ಟು, ನಡುವೆ ಪಾಪ್ ಫಿಲ್ಟರ್ (ಉಸಿರಿನ ರಭಸ ತಡೆಯುವ ಪರದೆ) ಇರಿಸಿದರೆ ಇದು ಬಹುಪಾಲು ನಿಲ್ಲುತ್ತದೆ. ಯುಎಸ್‌ಬಿ ಮೈಕು ಕೊಂಡವರು ಒಂದು ಸಂಗತಿಯನ್ನು ಗಮನಿಸಬೇಕು: ಅವುಗಳಲ್ಲಿ ಅನೇಕವು ಧ್ವನಿಯನ್ನು ಸ್ವೀಕರಿಸುವುದು ತುದಿಯಿಂದಲ್ಲ, ಪಕ್ಕದಿಂದ. ಕಾರ್ಡಿಯಾಯ್ಡ್ ಮೈಕಿನ ಕಿವಿ ಹಿಂಬದಿಗೆ ಮಂದ. ಆದ್ದರಿಂದ ಬೀದಿಯ ಕಿಟಕಿ ಮೈಕಿನ ಬೆನ್ನಿಗೆ ಬರುವಂತೆ ಕೂರುವುದು ಒಳಿತು. ತಗಡಿನ ಚಾವಣಿಯ ಮೇಲೆ ಸುರಿಯುವ ಮಳೆಗೆ ಮಾತ್ರ ಕಾಯುವುದೇ ಪರಿಹಾರ.

ಲೆವೆಲ್ ವಿಷಯದಲ್ಲಿ ನಿಯಮ ಚಿಕ್ಕದು. ನೀವು ಓದುವ ಅತ್ಯಂತ ಜೋರಿನ ವಾಕ್ಯ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಬರುವಂತೆ ಗೇನ್ (ಮೈಕಿನ ಧ್ವನಿಯನ್ನು ಹಿಗ್ಗಿಸುವ ಪ್ರಮಾಣ) ಇಟ್ಟುಕೊಳ್ಳಿ. ಗರಿಷ್ಠ ಮಿತಿಯಾದ ಸೊನ್ನೆ ಮುಟ್ಟಿ ತಲೆ ಕತ್ತರಿಸಿಹೋದ ಅಲೆ, ಒಡೆದ ಹಾಲಿನಂತೆ, ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ಆ ವಾಕ್ಯವನ್ನು ಮತ್ತೆ ಓದುವುದೇ ಸರಿ. ವಾಕ್ಯದ ಕೊನೆಯ ಅಕ್ಷರಗಳು ತಾವಾಗಿಯೇ ನುಂಗಿಹೋಗುತ್ತಿದ್ದರೆ ಮೈಕನ್ನು ದೂರಬೇಡಿ. ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್‌ನಲ್ಲಿ ಸದ್ದು ತಗ್ಗಿಸುವ ‘ಎನ್‌ಹ್ಯಾನ್ಸ್‌ಮೆಂಟ್’ ಚಾಲೂ ಇರುವ ಸಾಧ್ಯತೆ ಹೆಚ್ಚು, ಅದನ್ನು ಆರಿಸಿ.

ಇನ್ನು ಕೆಲವು ದೋಷಗಳು ಕೇಳಿದೊಡನೆ ಗುರುತು ಸಿಗುವಂಥವು. ಧ್ವನಿ ಹಳೆಯ ದೂರವಾಣಿಯ ಮಾತಿನಂತೆ ಸಪ್ಪೆಯಾಗಿದ್ದರೆ ಮುದ್ರಣವಾದದ್ದು ಬ್ಲೂಟೂತ್ ಇಯರ್‌ಫೋನಿನ ಮೈಕಿನಿಂದ. ಅದರ ಮೈಕು ಚಾಲೂ ಆದಾಗ ಗುಣಮಟ್ಟ ಕರೆಗಳ ಮಟ್ಟಕ್ಕೆ ಇಳಿಯುತ್ತದೆ, ತಂತಿಯ ಹೆಡ್‌ಫೋನನ್ನೇ ಬಳಸಿ. ಎಡಗಿವಿಯಲ್ಲಿ ಮಾತ್ರ ಕೇಳಿಸುತ್ತಿದ್ದರೆ ಒಂದೇ ಮೈಕನ್ನು ಸ್ಟೀರಿಯೋ ಆಗಿ ದಾಖಲಿಸಲಾಗಿದೆ. ಟ್ರ್ಯಾಕನ್ನು ಬೇರ್ಪಡಿಸಿ ಎಡಭಾಗವನ್ನು ಮೋನೋ ಆಗಿ ಉಳಿಸಿಕೊಂಡರಾಯಿತು. ನಿಮ್ಮ ಸ್ವರ ತಗ್ಗಿ, ಓದು ನಿಧಾನವಾಗಿದ್ದರೆ 48 ಕಿಲೋಹರ್ಟ್ಸ್‌ನ (ಸೆಕೆಂಡಿಗೆ 48 ಸಾವಿರ ಬಾರಿ ಧ್ವನಿಯನ್ನು ಅಳೆದ) ಮುದ್ರಣವನ್ನು ತಂತ್ರಾಂಶ 44.1 ಎಂದು ತಿಳಿದು ನುಡಿಸುತ್ತಿದೆ. ಒಂದು ಗಂಟೆಯ ಪಾಠ ಸುಮಾರು 65 ನಿಮಿಷಕ್ಕೆ ಹಿಗ್ಗುವುದೇ ಇದರ ಗುರುತು.

ಕತ್ತರಿಸಿ ಜೋಡಿಸಿದ ಕಡೆ ‘ಟಿಕ್’ ಎನ್ನುವುದಕ್ಕೆ ಕಾರಣ, ಅಲೆಯನ್ನು ಅದರ ಏರಿನಲ್ಲೋ ಇಳಿವಿನಲ್ಲೋ ಕಡಿದಿರುವುದು. ಅಡಾಸಿಟಿಯಲ್ಲಿ ಭಾಗವನ್ನು ಆಯ್ದು ‘ಝಡ್’ ಕೀಲಿ ಒತ್ತಿದರೆ ಅಂಚುಗಳು ಅಲೆ ಸೊನ್ನೆಯನ್ನು ದಾಟುವ ಬಿಂದುಗಳಿಗೆ ಸರಿಯುತ್ತವೆ. ತಪ್ಪನ್ನು ತೆಗೆದ ಜಾಗದಲ್ಲಿ ಪೂರ್ಣ ಮೌನ ತುಂಬಬೇಡಿ, ಕೇಳುವವರಿಗೆ ಕೋಣೆಯೇ ಒಮ್ಮೆ ಮುಚ್ಚಿ ತೆರೆದಂತೆ ಭಾಸವಾಗುತ್ತದೆ. ಪ್ರತಿ ಬಾರಿಯೂ ಓದಲು ತೊಡಗುವ ಮುನ್ನ ಅರ್ಧ ನಿಮಿಷ ಸುಮ್ಮನಿದ್ದು ಕೋಣೆಯ ಸಹಜ ಸದ್ದನ್ನು ದಾಖಲಿಸಿಟ್ಟುಕೊಂಡರೆ ಅದನ್ನೇ ಅಲ್ಲಿ ತುಂಬಬಹುದು. ಮೂಲ ಪ್ರತಿಯನ್ನು, ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ಕಡತವಾಗಿಯೇ ಇರಿಸಿ. ಎಂಪಿ3 ಆಗಿ ಉಳಿಸಿದ್ದನ್ನು ಮತ್ತೆ ತೆರೆದು ತಿದ್ದಿ ಉಳಿಸಿದಂತೆಲ್ಲ ಧ್ವನಿ ಸವೆಯುತ್ತದೆ. 44.1 ಕಿಲೋಹರ್ಟ್ಸ್, 16 ಬಿಟ್ ಮೋನೋ ವೇವ್‌ಗೆ ನಿಮಿಷಕ್ಕೆ ಸುಮಾರು 5.3 ಎಂಬಿ ಜಾಗ ಸಾಕು.

ಕಳಿಸುವ ಮುನ್ನ ಹೆಡ್‌ಫೋನಿನಲ್ಲಿ ಒಮ್ಮೆ, ಮೊಬೈಲಿನ ಸ್ಪೀಕರಿನಲ್ಲಿ ಒಮ್ಮೆ ಕೇಳಿ. ಆಮೇಲೆ ವೇಗವನ್ನು ಒಂದೂವರೆ ಪಟ್ಟಿಗೆ ಏರಿಸಿ ಇನ್ನೊಮ್ಮೆ ಕೇಳಿ. ಅಂಧ ವಿದ್ಯಾರ್ಥಿಗಳಲ್ಲಿ ಹಲವರು ಪಾಠವನ್ನು ಕೇಳುವುದು ಆ ವೇಗದಲ್ಲೇ, ಪರೀಕ್ಷೆಯ ದಿನಗಳಲ್ಲಿ ಇನ್ನೂ ವೇಗವಾಗಿ. ಸಾಮಾನ್ಯ ವೇಗದಲ್ಲಿ ಅಡಗಿದ್ದ ಮರುದನಿ ಅಲ್ಲಿ ಒಂದು ಅಕ್ಷರವನ್ನು ಇನ್ನೊಂದರ ಮೇಲೆ ಬಳಿದುಬಿಡುತ್ತದೆ, ತೆಳುವಾಗಿದ್ದ ಸಕಾರ ಹಕಾರಗಳು ಇಲ್ಲವೇ ಆಗುತ್ತವೆ. ಹಾಗೆ ಕಳೆದುಹೋದ ಪದಗಳು ಸಿಕ್ಕಿದರೆ ಎಡಿಟಿಂಗ್ ಮುಚ್ಚಿಟ್ಟು, ಮೈಕನ್ನು ನಾಲ್ಕು ಬೆರಳು ಹತ್ತಿರಕ್ಕೆ ಎಳೆದು ಆ ಪುಟವನ್ನು ಮತ್ತೆ ಓದಿ.