ಜಗುಲಿಯಿಂದ ಅಡುಗೆಮನೆಗೆ ವೈಫೈ: ಪದ ಕಲಿಯುತ್ತ ಕಳೆದ ಐದು ವಾರ

ಜೂನ್ 8

ಶಿರಸಿ ಸೀಮೆಯ ನಮ್ಮ ಹಳೆಯ ಮನೆಗೆ ಫೈಬರ್ ಸಂಪರ್ಕ ಬಂದು ಎರಡು ತಿಂಗಳಾಯಿತು. ಆದರೆ ಆಯಿ ಅಡುಗೆಮನೆಯಲ್ಲಿ ಕುಳಿತು ಮೊಮ್ಮಗಳಿಗೆ ಮಾಡುವ ವಿಡಿಯೊ ಕರೆ ಒಮ್ಮೆಯೂ ಪೂರ್ತಿಯಾಗಿ ನಡೆದಿಲ್ಲ. ಕರೆ ಕಡಿದಾಗಲೆಲ್ಲ ನಾನು ನೆಟ್ ಕೊಟ್ಟವರಿಗೆ ಫೋನ್ ಮಾಡಿ ‘ವೈಫೈ ಬರುತ್ತಿಲ್ಲ’ ಎನ್ನುತ್ತಿದ್ದೆ. ಅವರು ‘ನಮ್ಮ ಕಡೆಯಿಂದ ಎಲ್ಲ ಸರಿ ಇದೆ’ ಎನ್ನುತ್ತಿದ್ದರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದೆವು ಎಂಬುದು ನನಗೆ ಇಂದು ತಿಳಿಯಿತು.

ರಸ್ತೆಯ ಕಂಬದಿಂದ ಜಗುಲಿಯ ಗೋಡೆಯ ಮೇಲಿರುವ ಬಿಳಿ ಪೆಟ್ಟಿಗೆಯವರೆಗೆ ಬರುವುದು ಗಾಜಿನ ಎಳೆಯೊಳಗಿನ ಬೆಳಕು. ಒಎನ್‌ಟಿ ಎಂಬ ಆ ಪೆಟ್ಟಿಗೆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ, ಮತ್ತು ನಮ್ಮದರಲ್ಲಿ ನೆಟ್ಟನ್ನು ಮನೆಯ ಸಾಧನಗಳಿಗೆ ಹಂಚುವ ರೂಟರ್ ಕೂಡ ಅದರೊಳಗೇ ಅಡಗಿದೆ. ವೈಫೈ ಎಂದರೆ ಅಲ್ಲಿಂದ ಫೋನಿನವರೆಗಿನ ಹತ್ತಿಪ್ಪತ್ತು ಮೀಟರಿನ ರೇಡಿಯೊ ದಾರಿ ಮಾತ್ರ. ಇಂಟರ್‌ನೆಟ್ ಎಂಬುದು ಅದರಾಚೆಗಿನದು. ಪೆಟ್ಟಿಗೆಯ ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಹೊರಗಿನ ಬೆಳಕೇ ಬರುತ್ತಿಲ್ಲವೆಂದು ಅರ್ಥ, ಆಗ ದೂರು ಕೊಡಬಹುದು. ದೀಪ ಸರಿಯಾಗಿದ್ದು, ಪೆಟ್ಟಿಗೆಯ ಪಕ್ಕದಲ್ಲಿ ನೆಟ್ ಓಡುತ್ತ, ಒಳಗೆ ಹೋದಂತೆ ನಿಂತರೆ ತೊಂದರೆ ನಮ್ಮ ಗೋಡೆಗಳದ್ದು.

ಜೂನ್ 9

ಫೋನಿನ ನಾಲ್ಕು ಕಡ್ಡಿಗಳನ್ನು ನಂಬುವುದನ್ನು ಇಂದು ಬಿಟ್ಟೆ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದನ್ನು ಒಂದೊಂದು ಫೋನು ಒಂದೊಂದು ರೀತಿ ತೋರಿಸುತ್ತದೆ. ಅದರ ಬದಲು ಸಿಗ್ನಲ್ಲಿನ ಬಲವನ್ನು ಡಿಬಿಎಮ್‌ನಲ್ಲಿ ತೋರಿಸುವ ಒಂದು ಆ್ಯಪ್ ಹಾಕಿಕೊಂಡು, ನೋಟ್‌ಬುಕ್ ಹಿಡಿದು ಮನೆಯೆಲ್ಲ ತಿರುಗಿದೆ. ಜಗುಲಿಯಲ್ಲಿ ಮೈನಸ್ 39, ನಡುಮನೆಯಲ್ಲಿ ಮೈನಸ್ 57, ಮಹಡಿಯಲ್ಲಿ ಮೈನಸ್ 68, ಅಡುಗೆಮನೆಯ ಒಲೆಯ ಬಳಿ ಮೈನಸ್ 79, ಕೊಟ್ಟಿಗೆಯಲ್ಲಿ ಏನೂ ಇಲ್ಲ.

ಮೈನಸ್ ಎಂದೊಡನೆ ನನಗೆ ಗಾಬರಿಯಾಗಿತ್ತು. ಸೊನ್ನೆ ಡಿಬಿಎಮ್ ಎಂದರೆ ಒಂದು ಮಿಲಿವಾಟ್ ಎಂದು ಇಟ್ಟುಕೊಂಡಿದ್ದಾರೆ. ಅದಕ್ಕಿಂತ ಕಡಿಮೆಯದೆಲ್ಲ ಮೈನಸ್. ಇಲ್ಲಿ ಪ್ರತಿ 10 ಇಳಿದಾಗ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ, 3 ಇಳಿದರೆ ಸುಮಾರು ಅರ್ಧವಾಗುತ್ತದೆ. ಹಾಗಾಗಿ ಜಗುಲಿಗೂ ಅಡುಗೆಮನೆಗೂ ಇರುವ 40ರ ಅಂತರವೆಂದರೆ ಹತ್ತು ಸಾವಿರ ಪಟ್ಟು. ಎರಡು ಮಣ್ಣಿನ ಗೋಡೆ ದಾಟುವಷ್ಟರಲ್ಲಿ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ, ಆದರೂ ಫೋನು ಅದನ್ನು ಓದಿಕೊಳ್ಳುತ್ತದೆ ಎಂಬುದೇ ನನಗೆ ಸೋಜಿಗ. ವಿಡಿಯೊ ಕರೆ ನೆಮ್ಮದಿಯಿಂದ ನಡೆಯಲು ಮೈನಸ್ 67ರ ಆಸುಪಾಸಿಗಿಂತ ಕೆಳಗಿಳಿಯಬಾರದು ಎಂಬುದು ಈ ಕೆಲಸ ಮಾಡುವವರ ಲೆಕ್ಕ.

ಜೂನ್ 13

ನಮ್ಮ ರೂಟರ್ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡುಗಳಲ್ಲಿ ಪ್ರಸಾರ ಮಾಡುತ್ತದೆ. ಈ 5 ಗಿಗಾಹರ್ಟ್ಸ್ ಮತ್ತು ಮೊಬೈಲಿನ 5ಜಿ ಒಂದೇ ಎಂದು ನಾನು ಇಷ್ಟು ದಿನ ತಿಳಿದಿದ್ದೆ, ಅಲ್ಲ. ಮೊದಲಿನದು ಅಲೆಯ ಆವರ್ತನ, ಎರಡನೆಯದು ಮೊಬೈಲ್ ತಂತ್ರಜ್ಞಾನದ ಐದನೆಯ ತಲೆಮಾರು. ಇವೆರಡಕ್ಕೂ ಸಂಬಂಧವಿಲ್ಲ.

ಪತ್ರಿಕೆಗಳಲ್ಲಿ ಓದುವ ‘ತರಂಗಾಂತರ ಹರಾಜು’ ಎಂಬ ಮಾತಿನ ತರಂಗಾಂತರವನ್ನು ಅಕ್ಷರಶಃ ಬಿಡಿಸಿದರೆ ಅಲೆಯಿಂದ ಅಲೆಗಿರುವ ದೂರ. ಆ ದೂರ 2.4ರಲ್ಲಿ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, ಅಂದರೆ ಅಂಗೈಯಗಲಕ್ಕಿಂತ ತುಸು ಹೆಚ್ಚು. 5ರಲ್ಲಿ ಮೂರು ಬೆರಳಗಲ. ಉದ್ದ ಅಲೆ ಗೋಡೆಯನ್ನು ದಾಟುವಷ್ಟು ಸಲೀಸಾಗಿ ಗಿಡ್ಡ ಅಲೆ ದಾಟುವುದಿಲ್ಲ. ನಡುಮನೆಯಲ್ಲೇ 5ರ ಬಲ ಮೈನಸ್ 69ಕ್ಕೆ ಇಳಿದಿತ್ತು, ಅಡುಗೆಮನೆಯಲ್ಲಿ ಅದರ ಹೆಸರೇ ಕಾಣಲಿಲ್ಲ. ಆದರೆ 5ರಲ್ಲಿ ಜಾಗ ವಿಶಾಲವಾಗಿರುವುದರಿಂದ ಹತ್ತಿರವಿದ್ದವರಿಗೆ ವೇಗ ಹೆಚ್ಚು. ಹರಾಜಿನ ತರಂಗಾಂತರಕ್ಕೆ ಕಂಪನಿಗಳು ದುಡ್ಡು ಕೊಡಬೇಕು, ವೈಫೈಗೆ ಹಾಗಿಲ್ಲ. 2.4ರ ಪಟ್ಟಿಯನ್ನು ನಮ್ಮ ದೇಶದಲ್ಲಿ 2005ರಲ್ಲಿ ಲೈಸೆನ್ಸಿನಿಂದ ಬಿಡುಗಡೆ ಮಾಡಲಾಯಿತು, 5ರ ಹೆಚ್ಚಿನ ಭಾಗವನ್ನು 2018ರಲ್ಲಿ.

ಬ್ಯಾಂಡಿನೊಳಗಿನ ಒಂದೊಂದು ಪಾಲಿಗೆ ಇರುವ ಚಾನಲ್ ಎಂಬ ಪದದ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. 2.4ರಲ್ಲಿ 13 ಚಾನಲ್‌ಗಳಿದ್ದರೂ ಅವು ಒಂದರ ಮೇಲೊಂದು ಹಾಯುವುದರಿಂದ, ಒಂದಕ್ಕೊಂದು ತಾಗದಂತೆ ಸಾಮಾನ್ಯವಾಗಿ ಬಳಸುವವು 1, 6 ಮತ್ತು 11 ಮಾತ್ರ. ಬೆಂಗಳೂರಿನಲ್ಲಿರುವ ತಮ್ಮನ ಫ್ಲ್ಯಾಟಿನಲ್ಲಿ ಮೂವತ್ತು ವೈಫೈಗಳ ಹೆಸರು ಕಾಣುತ್ತವೆ, ಅಲ್ಲಿ ಅದು ದೊಡ್ಡ ವಿಷಯ. ನಮ್ಮಲ್ಲಿ ಪಕ್ಕದ ಮನೆಯೇ ಅಡಿಕೆ ತೋಟದಾಚೆಗಿದೆ.

ಜೂನ್ 16

ನಮ್ಮ ಪ್ಲ್ಯಾನು 150 ಎಮ್‌ಬಿಪಿಎಸ್. ಫೈಲ್ ಇಳಿಸಿಕೊಳ್ಳುವಾಗ ಕಂಪ್ಯೂಟರ್ 18 ಎಂದಷ್ಟೇ ತೋರಿಸಿದ್ದನ್ನು ಕಂಡು ಮೋಸ ಹೋದೆವೆಂದು ಮೊದಲ ತಿಂಗಳೇ ಜಗಳವಾಡಿದ್ದೆ. ಪ್ಲ್ಯಾನಿನ ಲೆಕ್ಕ ಮೆಗಾಬಿಟ್ಟಿನಲ್ಲಿ, ಕಂಪ್ಯೂಟರಿನದು ಮೆಗಾಬೈಟಿನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. 150ನ್ನು ಎಂಟರಿಂದ ಭಾಗಿಸಿದರೆ 18.75. ಆ ಜಗಳವನ್ನು ನಾನು ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಜೂನ್ 23

ರಿಪೀಟರ್ ಹಾಕಿಬಿಡಿ ದೊಡ್ಡಪ್ಪ, ಪ್ಲಗ್‌ಗೆ ಚುಚ್ಚಿದರೆ ಮುಗಿಯಿತು ಎಂಬುದು ತಮ್ಮನ ಮಗನ ಸಲಹೆಯಾಗಿತ್ತು. ರಿಪೀಟರ್ ತನಗೆ ಗಾಳಿಯಲ್ಲಿ ಕೇಳಿಸಿದ್ದನ್ನೇ ಮತ್ತೆ ಗಾಳಿಗೆ ಹೇಳುತ್ತದೆ. ಒಂದೇ ರೇಡಿಯೊ ಇರುವ ಅಗ್ಗದ ಮಾದರಿ ಕೇಳುವಾಗ ಹೇಳಲಾರದು, ಹೇಳುವಾಗ ಕೇಳಲಾರದು. ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆ್ಯಕ್ಸೆಸ್ ಪಾಯಿಂಟ್ ಹಾಗಲ್ಲ: ಅದಕ್ಕೆ ರೂಟರಿನಿಂದ ಕೇಬಲ್ ಎಳೆಯಬೇಕು, ಆದರೆ ಗೋಡೆ ದಾಟುವ ಕೆಲಸವನ್ನು ತಂತಿ ಮಾಡುವುದರಿಂದ ಅಡುಗೆಮನೆಯಲ್ಲಿ ಹೊಸದಾಗಿ ಪೂರ್ಣಬಲದ ಸಿಗ್ನಲ್ ಹುಟ್ಟುತ್ತದೆ. ತಮ್ಮ ಬಳಸಿ ಬಿಟ್ಟಿದ್ದ ಹಳೆಯ ರೂಟರ್ ಅಟ್ಟದಲ್ಲಿತ್ತು. ಹಳೆಯ ರೂಟರನ್ನೇ ಆ್ಯಕ್ಸೆಸ್ ಪಾಯಿಂಟ್ ಆಗಿ ಬಳಸಬಹುದೆಂದು ತಿಳಿದಾಗ ನಿರ್ಧಾರವಾಯಿತು.

ಜೂನ್ 30

ಇಂದು ಮನೆಯ ನೆಟ್ಟೆಲ್ಲ ಮೂರು ತಾಸು ನಿಂತಿತು, ಮತ್ತು ಅದಕ್ಕೆ ಪೂರ್ತಿ ನಾನೇ ಕಾರಣ. ಮನೆಯೊಳಗಿನ ಪ್ರತಿ ಸಾಧನಕ್ಕೂ ಅದನ್ನು ಗುರುತಿಸುವ ಸಂಖ್ಯೆ, ಅಂದರೆ ಒಂದು ಐಪಿ ವಿಳಾಸ ಬೇಕು, ಅದನ್ನು ಹಂಚುವ ವ್ಯವಸ್ಥೆಯ ಹೆಸರು ಡಿಎಚ್‌ಸಿಪಿ. ಹಳೆಯ ರೂಟರನ್ನು ಹಾಗೆಯೇ ಜೋಡಿಸಿದ್ದರಿಂದ ಹಂಚುವವರು ಇಬ್ಬರಾದರು, ಸಾಲದ್ದಕ್ಕೆ ಇಬ್ಬರ ವಿಳಾಸವೂ 192.168.1.1 ಆಗಿತ್ತು. ಫೋನುಗಳು ಯಾರನ್ನು ಕೇಳಬೇಕೆಂದು ತಿಳಿಯದೆ ಕಂಗಾಲಾದವು. ಕೊನೆಗೆ ಹಳೆಯ ರೂಟರಿನ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಅದರ ವಿಳಾಸವನ್ನು 192.168.1.2 ಎಂದು ಬದಲಿಸಿ, ಕೇಬಲನ್ನು ಹೊರಗಿನ ಸಂಪರ್ಕಕ್ಕಿರುವ ಅದರ ವ್ಯಾನ್ ಪೋರ್ಟಿನಿಂದ ತೆಗೆದು ಮನೆಯೊಳಗಿನ ಸಂಪರ್ಕಕ್ಕಿರುವ ಲ್ಯಾನ್ ಪೋರ್ಟಿಗೆ ಚುಚ್ಚಿದ ಮೇಲೆ ಎಲ್ಲವೂ ಎದ್ದಿತು.

ಜುಲೈ 7

ಅಡುಗೆಮನೆಯಲ್ಲಿ ಈಗ ಮೈನಸ್ 44. ಆದರೆ ವೇಗ ಮಾತ್ರ ಎಷ್ಟು ಸಲ ಅಳೆದರೂ 94ರ ಹತ್ತಿರವೇ ನಿಲ್ಲುತ್ತಿತ್ತು, ಅದೇ ಹೊತ್ತಿಗೆ ಜಗುಲಿಯಲ್ಲಿ 148 ಬರುತ್ತಿತ್ತು. 94 ಎಂಬುದು ಗುರುತಿನ ಸಂಖ್ಯೆಯಂತೆ: ನೂರು ಮೆಗಾಬಿಟ್ಟಿನ ತಂತಿ ಸಂಪರ್ಕದಲ್ಲಿ ವಿಳಾಸ ಮುಂತಾದ ಮೇಲ್ಖರ್ಚು ಕಳೆದು ಉಳಿಯುವುದು ಅಷ್ಟೇ. ಆ ನೂರರ ದರ್ಜೆಯ ಹೆಸರು ಫಾಸ್ಟ್ ಈಥರ್ನೆಟ್. 1995ರಲ್ಲಿ ಇಟ್ಟ ಹೆಸರು, ಈಗ ಹೆಸರಿನಲ್ಲಿ ಮಾತ್ರ ಫಾಸ್ಟ್. ಅದಕ್ಕೆ ಕೇಬಲಿನ ಎಂಟು ಎಳೆಗಳಲ್ಲಿ ನಾಲ್ಕು ಸಾಕು, ಸಾವಿರ ಮೆಗಾಬಿಟ್ಟಿನ ಗಿಗಾಬಿಟ್ ದರ್ಜೆಗೆ ಎಂಟೂ ಬೇಕು.

ಕೇಬಲಿನ ತುದಿಗೆ ನಾನೇ ಕ್ರಿಂಪ್ ಮಾಡಿದ್ದ, ಅಂದರೆ ಒತ್ತಿ ಕೂರಿಸಿದ್ದ ಕನೆಕ್ಟರನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಕಿತ್ತಳೆ, ಹಸಿರು, ನೀಲಿ ಎಳೆಗಳ ತಾಮ್ರದ ತುದಿ ಎದುರಿನ ಪ್ಲ್ಯಾಸ್ಟಿಕ್ಕಿಗೆ ಮುಟ್ಟಿ ಹೊಳೆಯುತ್ತಿತ್ತು. ಕೊನೆಯ ಕಂದು ಜೋಡಿ ಎರಡು ಮಿಲಿಮೀಟರ್ ಹಿಂದೆಯೇ ಉಳಿದು, ಮೇಲಿನ ಚಿನ್ನದ ಬಣ್ಣದ ಹಲ್ಲುಗಳು ಅದನ್ನು ಕಚ್ಚಿರಲೇ ಇಲ್ಲ. ತುದಿ ಕತ್ತರಿಸಿ, ಎಳೆಗಳನ್ನು ಬೆರಳಿನಿಂದ ತೀಡಿ ನೇರ ಮಾಡಿ, ಎಂಟನ್ನೂ ಸಮನಾಗಿ ಕತ್ತರಿಸಿ, ಮತ್ತೆ ಒತ್ತಿದೆ. ಈಗ ಅಡುಗೆಮನೆಯಲ್ಲೂ 146.

ಜುಲೈ 14

ಜಗುಲಿಗೂ ಅಡುಗೆಮನೆಗೂ ಒಂದೇ ಎಸ್‌ಎಸ್‌ಐಡಿ, ಅಂದರೆ ವೈಫೈ ಹೆಸರು, ಮತ್ತು ಒಂದೇ ಪಾಸ್‌ವರ್ಡ್ ಇಟ್ಟರೆ ಫೋನು ತಾನಾಗಿಯೇ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಯಾವಾಗ ಬದಲಾಗಬೇಕೆಂಬುದು ಮಾತ್ರ ಫೋನಿನ ಮರ್ಜಿ. ಆಯಿಯ ಫೋನು ನಡುಮನೆ ದಾಟಿದ ಮೇಲೂ ಜಗುಲಿಯನ್ನೇ ಹಿಡಿದುಕೊಂಡಿರುತ್ತದೆ. ಭದ್ರತೆಗೆ ಡಬ್ಲ್ಯುಪಿಎ2 ಎಂಬ ಗೂಢಲಿಪಿ ವಿಧಾನವನ್ನು ಆಯ್ದುಕೊಂಡು, ಗುಂಡಿ ಒತ್ತಿದರೆ ಒಳಗೆ ಬಿಡುವ ಡಬ್ಲ್ಯುಪಿಎಸ್ಸನ್ನು ಬಂದ್ ಮಾಡಿಟ್ಟೆ.

ಹೆಸರು ಕನ್ನಡದಲ್ಲಿರಲಿ ಎಂಬ ಆಸೆಯಿಂದ ತಮ್ಮನ ಮಗ ಸೂಚಿಸಿದ ‘ದೊಡ್ಡಪ್ಪನ ಮನೆ’ ಎಂದು ಬರೆದರೆ ರೂಟರ್ ಒಪ್ಪಲಿಲ್ಲ. ಎಸ್‌ಎಸ್‌ಐಡಿಗೆ ಇರುವ ಜಾಗ 32 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಕೂಡಿಸುವ ವಿರಾಮ ಪ್ರತಿಯೊಂದಕ್ಕೂ ಮೂರು ಮೂರು ಬೈಟ್ ಬೇಕು. ಕಾಗದದಲ್ಲಿ ಬಿಡಿಸಿ ಎಣಿಸಿದಾಗ ‘ದೊಡ್ಡಪ್ಪನ ಮನೆ’ 37 ಬೈಟ್ ಆಯಿತು. ‘ಹೆಬ್ಬಾಗಿಲು’ ಸರಿಯಾಗಿ 30. ಈಗ ನಮ್ಮ ವೈಫೈ ಹೆಸರು ಅದೇ.